ಕಯೋಟಿಗೆ ಯಾವ ಕ್ಯಾಲಿಬರ್? ಟೆಕ್ಸಾಸ್‌ಗೆ ಬಂದ ತಮ್ಮನಿಗೆ

ಪ್ರೀತಿಯ ತಮ್ಮ,

ನಿನ್ನ ಪತ್ರ ಓದಿದೆ. ಡಾಲಸ್‌ಗೆ ಬಂದು ಹತ್ತಿರ ಹತ್ತಿರ ವರ್ಷವಾಯಿತು, ಎಚ್-1ಬಿ ವೀಸಾ, ಆಫೀಸಿನ ಗೆಳೆಯನ ಮಾವನಿಗೆ ಸ್ಯಾನ್ ಆಂಜೆಲೊ ಕಡೆ ಆಡು-ಕುರಿಯ ರಾಂಚ್ ಇದೆ, ಅಲ್ಲಿ ಕಯೋಟಿ ಎಂಬ ನರಿಯಂಥ ಕಾಡುಪ್ರಾಣಿಯ ಕಾಟ, ಹೊಡೆಯಲು ಬಾ ಎಂದಿದ್ದಾರೆ ಎಂದು ಬರೆದಿದ್ದೀಯ. ".223, .22-250, .243, ಈ ಕ್ಯಾಲಿಬರ್ (ಗುಂಡಿನ ಅಳತೆ) ರೈಫಲ್‌ಗಳಲ್ಲಿ ಯಾವುದು ತಗೊಳ್ಳಲಿ ಅಣ್ಣ? ಕೋವಿ ನಮಗೇನು ಹೊಸದಲ್ಲವಲ್ಲ" ಎಂದು ಕೇಳಿದ್ದೀಯ. ಜೊತೆಗೆ ಚಳಿ, ಇನ್ಶೂರೆನ್ಸ್, ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ ಕಾಚಂಪುಳಿಯ ವಿಚಾರ.

ಚಿಕ್ಕವನ್ನು ಮೊದಲು ಮುಗಿಸುತ್ತೇನೆ. ಚಳಿಗಿಂತ ಗಾಳಿ ಕಷ್ಟ, ಒಳ್ಳೆಯ ಜಾಕೆಟ್ ತಗೋ. ಇನ್ಶೂರೆನ್ಸ್ ವಿಷಯ ಆಫೀಸಿನ ಹಿರಿಯರನ್ನು ಕೇಳು. ಕಾಚಂಪುಳಿ ನಾನು ಊರಿಂದಲೇ ತರಿಸುವುದು, ನಿನಗೂ ಒಂದು ಬಾಟಲಿ ಇಟ್ಟಿರುತ್ತೇನೆ.

ಈಗ ಕೋವಿ. ನನ್ನ ಉತ್ತರ .223. ಆದರೆ ಅಂಗಡಿಗೆ ಹೋಗುವ ಮೊದಲು ಒಂದು ಮಾತು ಕೇಳು.

ನಮ್ಮ ಕೊಡಗಿನಲ್ಲಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊದ್‌ನಲ್ಲಿ ಕೋವಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡಿ ಬೆಳೆದವರು ನಾವು. ನನಗೆ ಅದರ ಹೆಮ್ಮೆ ಇವತ್ತಿಗೂ ಇದೆ. ಆದರೆ ಆ ವಿನಾಯಿತಿ ಇಲ್ಲಿ ಯಾವ ಲೆಕ್ಕಕ್ಕೂ ಇಲ್ಲ. ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇರುವವರು ಕೋವಿಯಾಗಲಿ ಮದ್ದುಗುಂಡಾಗಲಿ ಇಟ್ಟುಕೊಳ್ಳಬಾರದು ಎಂಬುದು ಇಲ್ಲಿಯ ಫೆಡರಲ್ ಕಾನೂನು. ಗೆಳೆಯನ ರೈಫಲ್ ಒಂದು ಗಳಿಗೆ ಕೈಯಲ್ಲಿ ಹಿಡಿದರೂ ತೊಂದರೆಯೇ. ಅದಕ್ಕೊಂದು ಬಾಗಿಲು ಇದೆ: ಅಮೆರಿಕದ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿ ಇರಬೇಕು. ಹಾಗಾಗಿ ಮೊದಲು ಹಂಟರ್ ಎಜುಕೇಶನ್ ಕೋರ್ಸ್ ಮಾಡು. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2ರಿಂದ ಈಚೆಗೆ ಹುಟ್ಟಿದವರಿಗೆ ಅದು ಬೇಕು, ಆನ್‌ಲೈನ್‌ನಲ್ಲೇ ಆಗುತ್ತದೆ. ಆಮೇಲೆ ಲೈಸೆನ್ಸ್. ಆಮೇಲೆ ಅಂಗಡಿ. ಅಲ್ಲಿ ತುಂಬಿಸುವ 4473 ಫಾರ್ಮ್‌ನಲ್ಲಿ ವೀಸಾ ಬಗ್ಗೆ ಕೇಳುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಬರೆ. ಅಲ್ಲಿ ಸುಳ್ಳು ಬರೆಯುವುದು ದೊಡ್ಡ ಅಪರಾಧ. ಒಮ್ಮೆ ವಕೀಲರನ್ನೂ ಕೇಳಿಬಿಡು, ಗ್ರೀನ್ ಕಾರ್ಡ್ ಕಾಯುತ್ತಿರುವವನು ನೀನು.

ಇನ್ನೊಂದು. ಟೆಕ್ಸಾಸ್‌ನ ಬೇಟೆ ಲೈಸೆನ್ಸ್ ಸಾಮಾನ್ಯವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನಮ್ಮ ಕೈಲ್‌ಪೊದ್ ಸೆಪ್ಟೆಂಬರ್ 3. ಹೊಸ ಲೈಸೆನ್ಸ್ ತಗೊಳ್ಳದೆ ಹಬ್ಬದ ದಿನ ಕೋವಿ ಹೊರತೆಗೆದು ಕುಂಕುಮ ಇಟ್ಟೆಯೋ, ಅಷ್ಟಕ್ಕೇ ನೀನು ಕಾನೂನು ಮುರಿದ ಹಾಗೆ. ಆಗಸ್ಟ್ ಮಧ್ಯದಲ್ಲೇ ಹೊಸದು ಕೊಡಲು ಶುರು ಮಾಡುತ್ತಾರೆ. ಕ್ಯಾಲೆಂಡರ್‌ನಲ್ಲಿ ಬರೆದಿಡು.

ನಾನು ಬಂದ ಹೊಸತರಲ್ಲಿ ನನ್ನನ್ನೂ ಒಬ್ಬ ಹಿರಿಯ ರಾಂಚ್ ಯಜಮಾನರು ಕರೆದುಕೊಂಡು ಹೋಗಿದ್ದರು. ನನ್ನ ಹತ್ತಿರ ಲೈಸೆನ್ಸ್ ಇರಲಿಲ್ಲ, ಸುಮ್ನೆ ಪಕ್ಕದಲ್ಲಿ ಕುಳಿತಿದ್ದೆ. ಆ ವಾರ ಅವರ ಆಡಿನ ಮರಿಗಳನ್ನು ಕಯೋಟಿ ಹೊತ್ತೊಯ್ದಿತ್ತು. ಮೊಲ ಕಿರುಚುವಂಥ ಶಬ್ದ ಮಾಡುವ, ಕಾಲ್ ಎನ್ನುವ ಪೀಪಿ ಊದಿದರು. ಸ್ವಲ್ಪ ಹೊತ್ತಿಗೆ ಒಂದು ಬಂತು, ದಿಬ್ಬದ ನೆತ್ತಿಯ ಮೇಲೆ ಅಡ್ಡಲಾಗಿ ನಿಂತಿತು. ನೂರು ಗಜವೂ ಇರಲಿಲ್ಲ. ಊರಲ್ಲಾಗಿದ್ದರೆ ಯಾವ ಈಡುಗಾರನೂ ಬಿಡುತ್ತಿರಲಿಲ್ಲ. ಅವರು ಕೋವಿಯ ಕುದುರೆಯಿಂದ (ಟ್ರಿಗರ್‌ನಿಂದ) ಬೆರಳು ತೆಗೆದರು. ಅದು ಇಳಿದು ಹೋಯಿತು. ಯಾಕೆ ಎಂದು ಕೇಳಿದೆ. ಅದರ ಹಿಂದೆ ಆಕಾಶ ಬಿಟ್ಟರೆ ಬೇರೇನೂ ಇರಲಿಲ್ಲ ಎಂದರು.

ನನಗೆ ಇದು ಅರ್ಥವಾಗಲು ಬಹಳ ಕಾಲ ಹಿಡಿಯಿತು ತಮ್ಮ. ನಮ್ಮ ಮನೆಯ ಕೋವಿ ಹನ್ನೆರಡು ಬೋರ್. ಅದರ ಚರೆ ಹೆಚ್ಚು ದೂರ ಹೋಗುವುದಿಲ್ಲ. ಹೋದರೂ ತೋಟದ ಮಣ್ಣಿನ ಬರೆ ಇದೆ, ಸಿಲ್ವರ್ ಓಕ್ ಇದೆ, ಎದುರಿಗೇ ಬೆಟ್ಟ ಇದೆ. ನಮ್ಮ ನೆಲವೇ ಗುಂಡನ್ನು ಹಿಡಿದುಕೊಳ್ಳುತ್ತದೆ. ಪಶ್ಚಿಮ ಟೆಕ್ಸಾಸ್‌ನಲ್ಲಿ ಹಿಡಿಯಲು ಏನೂ ಇಲ್ಲ. .223ರ 55 ಗ್ರೇನ್ ಗುಂಡು, ಮೂರೂವರೆ ಗ್ರಾಂ ಅಷ್ಟೇ, ಮೇಲ್ಮುಖವಾಗಿ ಹಾರಿದರೆ ಎರಡೂವರೆ ಕಿ.ಮೀ. ದಾಟುತ್ತದೆ. ಆ ದೂರದಲ್ಲಿ ಯಾರದೋ ಮನೆ, ಯಾರದೋ ಹಸು. ಬೇಟೆಯಲ್ಲಿ ನಿನ್ನ ಗುಂಡು ಬೇಲಿ ದಾಟಿ ಪಕ್ಕದವರ ಜಾಗಕ್ಕೆ ಹೋಗುತ್ತದೆಂದು ಗೊತ್ತಿದ್ದೂ ಹೊಡೆದರೆ ಅದೇ ಇಲ್ಲಿ ಒಂದು ಅಪರಾಧ. ಬೇಲಿಯ ಕಂಬಕ್ಕೆ ನೇರಳೆ ಬಣ್ಣದ ಉದ್ದ ಗೆರೆ ಬಳಿದಿದ್ದರೆ ಒಳಗೆ ಕಾಲಿಡಬೇಡ ಎಂದು ಅರ್ಥ, ಅದನ್ನೂ ನೆನಪಿಡು.

ಅದಕ್ಕೇ .223 ಎಂದೆ. ಕಯೋಟಿ ನಮ್ಮ ನರಿಗಿಂತ ಸ್ವಲ್ಪ ದೊಡ್ಡದು, ಅಲ್ಲಿಯವು ಸಾಮಾನ್ಯವಾಗಿ ಹದಿನೈದು ಕಿಲೋ ಆಸುಪಾಸು. ಅದಕ್ಕೆ ಭಾರಿ ಗುಂಡು ಬೇಡ. 50 ಅಥವಾ 55 ಗ್ರೇನ್‌ನ ಪ್ಲಾಸ್ಟಿಕ್ ತುದಿಯ ವಾರ್ಮಿಂಟ್ (ಕಾಟ ಕೊಡುವ ಸಣ್ಣ ಪ್ರಾಣಿಗಳಿಗೆಂದು ಮಾಡಿದ) ಗುಂಡು ತಗೋ, ಹಾರ್ನಡಿಯ ವಿ-ಮ್ಯಾಕ್ಸ್ ಥರದ್ದು. ಪ್ರಾಣಿಗೆ ಬಡಿದರೆ ಒಳಗೇ ಒಡೆಯುತ್ತದೆ. ನೆಲಕ್ಕೆ ಬಡಿದರೂ ಪುಡಿಯಾಗುವುದೇ ಹೆಚ್ಚು, ಗಟ್ಟಿ ಗುಂಡಿನ ಹಾಗೆ ಪುಟಿದು ಹಾರುವುದು ಕಡಿಮೆ. ಮದ್ದು ಎಲ್ಲ ಕಡೆ ಸಿಗುತ್ತದೆ, ಬೆಲೆ ಕಡಿಮೆ, ಹೆಗಲಿಗೆ ಒದೆತ ಇಲ್ಲ ಎನ್ನುವಷ್ಟು. ಅಭ್ಯಾಸ ಜಾಸ್ತಿ ಮಾಡಬಹುದು, ಅದೇ ಮುಖ್ಯ.

.22-250 ಕೆಟ್ಟದ್ದಲ್ಲ. ಅದೇ 55 ಗ್ರೇನ್ ಗುಂಡನ್ನು .223 ಸೆಕೆಂಡಿಗೆ 3,200 ಅಡಿಯ ವೇಗದಲ್ಲಿ ಕಳಿಸಿದರೆ ಇದು 3,600 ದಾಟಿಸುತ್ತದೆ. 300 ಗಜಕ್ಕೆ ಹೊಡೆಯುವವರಿಗೆ ಅದು ಬೇಕು. ಆದರೆ ನಳಿಗೆ ಬೇಗ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಕಾಲ್ ಊದಿ ಕರೆದ ಕಯೋಟಿ ಹೆಚ್ಚಾಗಿ 150 ಗಜದೊಳಗೇ ಬರುತ್ತದೆ, ನಿನಗೆ ಆ ವೇಗ ಯಾಕೆ? .243 1955ರಿಂದ ಇರುವ ಒಳ್ಳೆಯ ಕ್ಯಾಲಿಬರ್, ಮುಂದೆ ಜಿಂಕೆಗೂ ಆಗುತ್ತದೆ. ಒಂದೇ ರೈಫಲ್ ಸಾಕು ಎನ್ನುವವನು ಅದನ್ನೇ ತಗೊಳ್ಳಲಿ. ನಿನಗೆ ಮೊದಲನೆಯದಾಗಿ ಬೇಡ. .22 ಎಲ್‌ಆರ್ ಎಂಬ ಚಿಕ್ಕ ತೋಟಾ ಡಬ್ಬಿಗೆ ಹೊಡೆದು ಕಲಿಯಲು ಮಾತ್ರ, ಕಯೋಟಿಗೆ ಅದು ಸಾಲದು, ಗಾಯಗೊಂಡು ನರಳುತ್ತದೆ.

ನಳಿಗೆಯ ಮೇಲೆ ಏನು ಕೆತ್ತಿದೆ ನೋಡು. .223 ಎಂದಷ್ಟೇ ಇದ್ದರೆ ನೋಡಲು ಅದರಂತೆಯೇ ಇರುವ ಸೇನೆಯ 5.56 ತೋಟಾ ಹಾಕಬೇಡ, ಅದರ ಒತ್ತಡ ಜಾಸ್ತಿ. 5.56 ಎಂದಿದ್ದರೆ ಎರಡೂ ನಡೆಯುತ್ತದೆ. ಗಾಳಿಯನ್ನೂ ಲೆಕ್ಕಕ್ಕೆ ತಗೋ. ಗಂಟೆಗೆ ಹತ್ತು ಮೈಲಿ ಅಡ್ಡಗಾಳಿ ಇದ್ದರೆ 200 ಗಜದಲ್ಲಿ ಈ ಗುಂಡು ನಾಲ್ಕು ಇಂಚಿನಷ್ಟು ಸರಿಯುತ್ತದೆ. ಸ್ಯಾನ್ ಆಂಜೆಲೊದಲ್ಲಿ ಹತ್ತು ಮೈಲಿ ಎಂದರೆ ಗಾಳಿ ಇಲ್ಲ ಎಂದೇ ಲೆಕ್ಕ.

ಊರಿಗೆ ಹೋಗುವಾಗ ಬೇಟೆಗೆ ಬಳಸಿದ ಬ್ಯಾಗು ಒಯ್ಯಬೇಡ. ಮೂಲೆಯಲ್ಲಿ ಒಂದು ತೋಟಾ ಉಳಿದಿದ್ದರೂ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪೊಲೀಸ್ ಕೇಸು.

ನನ್ನ ಮಗ ಹುಟ್ಟಿದ್ದು ಇಲ್ಲಿ. ಗಂಡು ಮಗು ಹುಟ್ಟಿದರೆ ಮೇಲಕ್ಕೆ ಒಂದು ಈಡು (ಗುಂಡು), ಸಾವಿಗೆ ಎರಡು, ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಆಗ ನನ್ನ ಹತ್ತಿರ ರೈಫಲ್ ಇತ್ತು, ಲೈಸೆನ್ಸ್ ಇತ್ತು, ಕರೆದರೆ ರಾಂಚಿನ ಹಿರಿಯರೂ ಬರುತ್ತಿದ್ದರು. ಆದರೆ ಮೇಲಕ್ಕೆ ಹಾರಿಸಿದ ಗುಂಡು ಎಲ್ಲಿ ಬೀಳುತ್ತದೆ? ಹಾರಿಸಲಿಲ್ಲ. ಊರಿನ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ) ಇನ್ನೊಬ್ಬ ತಮ್ಮ ಹಾರಿಸಿದ, ಫೋನಿನಲ್ಲಿ ಕೇಳಿಸಿಕೊಂಡೆ. ಮಗನ ಈಡು ಅಪ್ಪನೇ ಹಾರಿಸಬೇಕಿತ್ತು ಎಂದು ಈಗಲೂ ಬೇಸರವಾಗುತ್ತದೆ. ನಿನಗೂ ನಾಳೆ ಮಕ್ಕಳಾಗುತ್ತವೆ. ಸಾಧ್ಯವಾದರೆ ಆಗ ಊರಲ್ಲಿರು.

ಕೋರ್ಸ್ ಮುಗಿದು ಲೈಸೆನ್ಸ್ ಬಂದ ಮೇಲೆ ಫೋನ್ ಮಾಡು. ಒಂದು ಶನಿವಾರ ಇಲ್ಲಿಗೇ ಬಾ, ನನ್ನ .223 ಹಿಡಿದು ರೇಂಜಿಗೆ ಹೋಗೋಣ, ಬೇರೆಯದನ್ನು ಕೊಳ್ಳುವ ಮೊದಲು ಅದರಲ್ಲಿ ಹೊಡೆದು ನೋಡು. ಲೈಸೆನ್ಸ್ ಮರೆತು ಬಂದರೆ ಪಂದಿಕರಿ ಸಿಗುತ್ತದೆ, ರೈಫಲ್ ಕೈಗೆ ಕೊಡುವುದಿಲ್ಲ.