ಮಾವನ ಹಾಗೇ ಆಗುತ್ತಾನಾ?

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಉಡುಪಿ ಕಡೆಯ ಹುಡುಗ, 20 ವರ್ಷ, ಇಂಜಿನಿಯರಿಂಗ್ ಓದುತ್ತಿದ್ದಾನೆ. ನನ್ನ ಹತ್ತಿರ ಆಪ್ತಸಲಹೆಗೆ ಕರಕೊಂಡು ಬಂದದ್ದು ಅಮ್ಮ. "ಎಂಥ ಹೇಳುವುದು ಮೇಡಂ, ಹನ್ನೊಂದಾದರೂ ಏಳುವುದಿಲ್ಲ, ಸ್ನಾನ ಬೇಡ, ಕಾಲೇಜು ಬೇಡ. ನನ್ನ ಅಣ್ಣನದ್ದೇ ಬುದ್ಧಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಲ್ವಾ?" ಆ ಅಣ್ಣನಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳುವ, ಇಲ್ಲದ ಸಂಶಯ ಕಾಡುವ ಮಾನಸಿಕ ಕಾಯಿಲೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆ ಬೇರೆ, ಸೋದರಮಾವನ ಹೋಲಿಕೆ ಬೇಗ ಬಾಯಿಗೆ ಬರುತ್ತದೆ.

ಅಮ್ಮನನ್ನು ಹೊರಗೆ ಕೂರಿಸಿದೆ. ಹುಡುಗ ತುಂಬ ಹೊತ್ತು ಅಂಗಿಯ ಗುಂಡಿ ತಿರುಗಿಸುತ್ತಾ ಕೂತ. ಆಮೇಲೆ ಕೇಳಿದ, "ಮೇಡಂ, ತಲೆಯೊಳಗೆ ನಾನೇ ಮಾತಾಡಿಕೊಳ್ಳುತ್ತೇನಲ್ಲ, ಮಾವನಿಗೆ ಕೇಳುತ್ತಿದ್ದದ್ದು ಅದೇನಾ?" ರಾತ್ರಿಯಿಡೀ ಮೊಬೈಲಲ್ಲಿ ಇದನ್ನೇ ಹುಡುಕುತ್ತಾನಂತೆ. ವಿಚಾರಿಸಿದೆ. ಯಾರೂ ಇಲ್ಲದೆ ದನಿ ಕೇಳುವುದು, ಯಾರೋ ಹಿಂದೆ ಬಿದ್ದಿದ್ದಾರೆ ಎಂಬ ಸಂಶಯ, ಅಂಥದ್ದು ಒಂದೂ ಇರಲಿಲ್ಲ.

ಇಂಥ ಕಡೆ ನಾನು ಬಿಡದೆ ಕೇಳುವುದು ಒಂದೇ: ಯಾವಾಗಿನಿಂದ? ಮಾತು ಕಡಿಮೆ, ಗೆಳೆಯರು ಕಡಿಮೆ, ಮದುವೆಮನೆಯಲ್ಲಿ ಮೂಲೆ ಹುಡುಕುವುದು, ಇದೆಲ್ಲ ಬಾಲವಾಡಿಯಿಂದಲೂ ಇತ್ತು. ಅದು ಸ್ವಭಾವ. ಅದಕ್ಕೆ ಮದ್ದು ಬೇಡ. ಊಟ ಸೇರದ್ದು, ನಿದ್ದೆ ಕೆಟ್ಟದ್ದು, ಚಿತ್ರ ಬಿಡಿಸುವುದು ನಿಂತದ್ದು ಮಾತ್ರ ಈ ಮಳೆಗಾಲದಿಂದ. ಅಷ್ಟಮಿಗೆ ಹುಲಿವೇಷದವರ ಮೈಗೆ ಪಟ್ಟೆ ಎಳೆಯಲು ಯಾರೂ ಹೇಳದೆ, ಒಂದು ಪೈಸೆ ಕೇಳದೆ ರಾತ್ರಿಯಿಡೀ ನಿಲ್ಲುತ್ತಿದ್ದವನು ಈ ಸಲ ಕೋಣೆಯಿಂದ ಹೊರಗೇ ಬರಲಿಲ್ಲ. ಇವನನ್ನು ಸೋಮಾರಿ ಅನ್ನುವುದು ಹೇಗೆ? ನನಗೆ ಕಂಡದ್ದು ಡಿಪ್ರೆಶನ್.

ಸ್ಕಿಜೋಫ್ರೇನಿಯಾ ಕುಟುಂಬದಲ್ಲಿ ಹರಿದು ಬರಬಹುದು, ಸುಳ್ಳಲ್ಲ. ಜನಸಾಮಾನ್ಯರಲ್ಲಿ ಸುಮಾರು 100ಕ್ಕೆ ಒಬ್ಬರಿಗೆ. ಸೋದರಮಾವನಿಗಿದ್ದರೆ ಸ್ವಲ್ಪ ಜಾಸ್ತಿ, ಆದರೂ 100ರಲ್ಲಿ 90ಕ್ಕಿಂತ ಹೆಚ್ಚು ಮಂದಿಗೆ ಬರುವುದೇ ಇಲ್ಲ. ತದ್ರೂಪಿ ಅವಳಿಗಳಲ್ಲೇ ಒಬ್ಬನಿಗೆ ಬಂದರೆ ಇನ್ನೊಬ್ಬನಿಗೆ ಬರುವ ಸಾಧ್ಯತೆ ಹೆಚ್ಚೆಂದರೆ ಅರ್ಧ. ಇದನ್ನು ಕಾಗದದಲ್ಲಿ ಬರೆದು ತೋರಿಸಿದಾಗ ಹುಡುಗ ಆ ಕಾಗದ ಮಡಚಿ ಕಿಸೆಗೆ ಹಾಕಿಕೊಂಡ.

ಮನೋವೈದ್ಯರ ಹತ್ತಿರ ಕಳಿಸಿದೆ, ಥೈರಾಯ್ಡ್ ಕೂಡ ನೋಡಿಸಲು ಹೇಳಿದೆ. ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡು, ಮೂರು ವಾರ ಬೇಕು, ನಡುವೆ ಬಿಡಬೇಡ ಅಂದೆ. ಗಾಂಜಾದ ಮಾತನ್ನು ಒತ್ತಿ ಹೇಳಿದೆ: ಕುಟುಂಬದಲ್ಲಿ ಸ್ಕಿಜೋಫ್ರೇನಿಯಾ ಇದ್ದವರು ಗೆಳೆಯರು ಕೊಟ್ಟರೆಂದು ಸುಮ್ನೆ ಒಂದು ಸಲ ಎಳೆಯುವುದೂ ಬೇಡ.

ಅಮ್ಮನಿಗೆ ಹೇಳಿದ್ದು ಇಷ್ಟು. "ಅಕ್ಕಾ, ಅವನೆದುರು ಮಾವನ ಹೆಸರು ತೆಗೆಯಬೇಡಿ. ಪಾಸಾದರೆ ಬೈಕ್ ಅಂತ ಆಸೆ ತೋರಿಸುವುದೂ ಬೇಡ, ಈಗ ಅವನಿಗೆ ಬೈಕೂ ಬೇಡವಾಗಿದೆ. ಬಣ್ಣದ ಡಬ್ಬಿ ಕಣ್ಣಿಗೆ ಬೀಳುವಲ್ಲಿ ಇಡಿ, ಬಿಡಿಸು ಅನ್ನಬೇಡಿ." ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಬೇಕಾ ಅಂದರು. ಇಡಿಸಿ, ಆದರೆ ಡಾಕ್ಟರ ಹತ್ತಿರ ಹೋಗುವುದು ಅದಕ್ಕಿಂತ ಮೊದಲು ಅಂದೆ. ರಾತ್ರಿ ತೀರಾ ತಡೆಯಲಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.