ಡೆಟ್ರಾಯಿಟ್‌ಗೆ ಕೆಲಸಕ್ಕೆ ಬರಬಹುದಾ? ಅದು ಸತ್ತ ಊರು ಅಂತಾರಲ್ಲ?

ಬೆಂಗಳೂರಿನ ಆಟೋ ಕಂಪನಿಯಿಂದ ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಆಫೀಸಿಗೆ ಬರುವ ಅವಕಾಶ ಸಿಕ್ಕಿದೆ ಅಂತ ಬರೆದಿದ್ದೀರಿ. ಯೂಟ್ಯೂಬ್ ತೆಗೆದರೆ ಪಾಳು ಬಿದ್ದ ಫ್ಯಾಕ್ಟರಿ, ಕಿಟಕಿ ಒಡೆದ ಮನೆಗಳೇ ಕಾಣುತ್ತವೆ, ಹೆಂಡತಿ ಮಗುವನ್ನು ಕರೆದುಕೊಂಡು ಬರಬಹುದಾ, ಕಾರಿನ ಉದ್ಯಮ ಅಲ್ಲಿ ಇನ್ನೂ ಉಳಿದಿದೆಯಾ ಅನ್ನೋದು ನಿಮ್ಮ ಪ್ರಶ್ನೆ.

ಬನ್ನಿ. ಉದ್ಯಮ ಉಳಿದಿದೆ, ಗಟ್ಟಿಯಾಗಿಯೇ ಇದೆ. ನೀವು ನೋಡಿದ ಪಾಳು ಕಟ್ಟಡಗಳೂ ಸುಳ್ಳಲ್ಲ. ಎರಡೂ ಒಟ್ಟಿಗೆ ನಿಜ ಆಗಿದ್ದು ಹೇಗೆ ಅಂತ ತಿಳಿದುಕೊಂಡು ಬಂದರೆ ಈ ಊರು ಬೇಗ ಅರ್ಥವಾಗುತ್ತದೆ. ಕೆಲಸ ಊರು ಬಿಟ್ಟು ಆಚೆ ಹೋಯಿತು. ಅದರ ಹಿಂದೆ ಹೋಗಲು ಕೆಲವರಿಗೆ ದಾರಿ ಇತ್ತು, ಕೆಲವರಿಗೆ ದಾರಿ ಮುಚ್ಚಿದರು. ನನಗೆ ಗೊತ್ತಿರುವ ಡೆಟ್ರಾಯಿಟ್ ಕಥೆಯ ತಿರುಳು ಇಷ್ಟೇ.

ಮೊದಲು ಇವತ್ತಿನ ಕೆಲಸದ ಬಗ್ಗೆ ಹೇಳ್ತೀನಿ, ಯಾಕಂದ್ರೆ ನಾನು ದಿನಾ ಇರೋದು ಅದರ ಮಧ್ಯೆ. ಕಾರಿನ ಸೀಟು ಮಾಡುವ ಒಂದು ಸಪ್ಲೈಯರ್ ಕಂಪನಿಯಲ್ಲಿ ನಾನು ಕ್ವಾಲಿಟಿ ಎಂಜಿನಿಯರ್. ನಮ್ಮ ಪ್ಲಾಂಟ್‌ನಲ್ಲಿ ತಯಾರಾದ ಸೀಟುಗಳನ್ನು ರಾಶಿ ಹಾಕಿ ಇಡೋದಿಲ್ಲ. ಕಾರ್ ಪ್ಲಾಂಟ್‌ನಲ್ಲಿ ಒಂದು ಗಾಡಿಯ ಬಾಡಿ ಬಣ್ಣ ಹೊಡೆಸಿಕೊಂಡು ಹೊರಗೆ ಬಂದ ಕೂಡಲೇ ನಮಗೆ ಕಂಪ್ಯೂಟರ್‌ನಲ್ಲಿ ಆರ್ಡರ್ ಬರುತ್ತದೆ: ಈ ಗಾಡಿಗೆ ಕಪ್ಪು ಲೆದರ್, ಹೀಟರ್ ಇರೋದು, ಮುಂದಿನದಕ್ಕೆ ಬೂದು ಬಟ್ಟೆ, ಹೀಟರ್ ಇಲ್ಲ. ಅಲ್ಲಿಂದ ನಮಗೆ ಸಿಗೋದು ಕೆಲವೇ ಗಂಟೆ. ಫ್ರೇಮ್‌ಗೆ ಫೋಮ್ ಕೂರಿಸಬೇಕು, ಕವರ್ ಎಳೆದು ಕ್ಲಿಪ್ ಹಾಕಬೇಕು, ಸುಕ್ಕು ಹೋಗಲು ಬಿಸಿಗಾಳಿ ಹಿಡಿಯಬೇಕು, ಏರ್‌ಬ್ಯಾಗ್ ವೈರಿಂಗ್ ಟೆಸ್ಟ್ ಮಾಡಬೇಕು. ಆಮೇಲೆ ಗಾಡಿಗಳು ಲೈನ್ ಮೇಲೆ ಬರುವ ಅದೇ ಸರದಿಯಲ್ಲಿ ಟ್ರಕ್ ತುಂಬಿ ಕಳಿಸಬೇಕು. ಅತ್ತ ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಗಾಡಿ ಇಳಿಯುತ್ತಿರುತ್ತದೆ. ನಮ್ಮ ಟ್ರಕ್ ತಡವಾದರೆ ಲೈನ್ ನಿಲ್ಲುತ್ತದೆ, ಆ ನಷ್ಟಕ್ಕೆ ಉತ್ತರ ಹೇಳಬೇಕಾದವರು ನಾವು.

ಒಂದು ಸೀಟಿನ ಹಿಂದೆಯೇ ಇಷ್ಟು ಇದೆ ಅಂದಮೇಲೆ ಡ್ಯಾಶ್‌ಬೋರ್ಡ್, ಆಕ್ಸಲ್, ವೈರ್ ಹಾರ್ನೆಸ್, ಗ್ಲಾಸು, ಬಣ್ಣ ಎಲ್ಲಾ ಲೆಕ್ಕ ಹಾಕಿ. ಡೆಟ್ರಾಯಿಟ್ ಸುತ್ತಲಿನ ಊರುಗಳಲ್ಲೇ ಫೋರ್ಡ್ ಡಿಯರ್‌ಬಾರ್ನ್‌ನಲ್ಲಿದೆ, ಜಿಎಂ (ಜನರಲ್ ಮೋಟಾರ್ಸ್) ಟೆಕ್ನಿಕಲ್ ಸೆಂಟರ್ ವಾರೆನ್‌ನಲ್ಲಿದೆ, ಕ್ರೈಸ್ಲರ್‌ನ ಈಗಿನ ಒಡೆಯ ಸ್ಟೆಲ್ಲಾಂಟಿಸ್‌ನ ದೊಡ್ಡ ಆಫೀಸು ಆಬರ್ನ್ ಹಿಲ್ಸ್‌ನಲ್ಲಿದೆ. ಇವುಗಳ ಸುತ್ತ ಸಣ್ಣ ದೊಡ್ಡ ಸಪ್ಲೈಯರ್‌ಗಳು, ಟೂಲ್ ರೂಮ್‌ಗಳು, ಟೆಸ್ಟ್ ಲ್ಯಾಬ್‌ಗಳು ತುಂಬಿಕೊಂಡಿವೆ. 2022ರ ಫೆಬ್ರವರಿಯಲ್ಲಿ ಟ್ರಕ್ ಡ್ರೈವರ್‌ಗಳ ಪ್ರತಿಭಟನೆಯಿಂದ ಅಂಬಾಸಡರ್ ಸೇತುವೆ ಸುಮಾರು ಒಂದು ವಾರ ಬಂದ್ ಆಗಿತ್ತು. ಡೆಟ್ರಾಯಿಟ್‌ಗೂ ನದಿಯಾಚೆಯ ಕೆನಡಾದ ವಿಂಡ್ಸರ್‌ಗೂ ನಡುವಿನ ಸೇತುವೆ ಅದು. ಪಾರ್ಟ್ಸ್ ಇಲ್ಲದೆ ಎರಡೂ ದೇಶಗಳಲ್ಲಿ ಪ್ಲಾಂಟ್‌ಗಳು ಶಿಫ್ಟ್ ಕಡಿತ ಮಾಡಿದವು. ಒಂದು ಸೇತುವೆ ಮುಚ್ಚಿದ್ದಕ್ಕೆ ಇಷ್ಟು ಆಗುತ್ತದೆ ಅಂದರೆ ಈ ಉದ್ಯಮಕ್ಕೆ ಎಷ್ಟು ಜೀವ ಇದೆ ಅಂತ ನೀವೇ ಅಂದಾಜು ಮಾಡಿ.

ಈಗ ಪಾಳು ಕಟ್ಟಡಗಳ ವಿಷಯಕ್ಕೆ ಬರೋಣ.

ಚಲಿಸುವ ಅಸೆಂಬ್ಲಿ ಲೈನ್ ಕಾರಿಗೆ ಬಂದಿದ್ದು 1913ರಲ್ಲಿ, ಹೈಲ್ಯಾಂಡ್ ಪಾರ್ಕ್‌ನ ಫೋರ್ಡ್ ಪ್ಲಾಂಟ್‌ನಲ್ಲಿ. ಹೈಲ್ಯಾಂಡ್ ಪಾರ್ಕ್ ಅಂದ್ರೆ ಡೆಟ್ರಾಯಿಟ್‌ನ ಹೊಟ್ಟೆಯೊಳಗೇ ಇರುವ ಸಣ್ಣ ಊರು. ಮಾಡೆಲ್ ಟಿ ಕಾರಿನ ಚಾಸಿ (ಅಡಿಚೌಕಟ್ಟು) ಜೋಡಿಸಲು ಹನ್ನೆರಡು ಗಂಟೆಗೂ ಮೇಲೆ ಹಿಡಿಯುತ್ತಿತ್ತು; ಕೆಲವೇ ತಿಂಗಳಲ್ಲಿ ಅದು 93 ನಿಮಿಷಕ್ಕೆ ಇಳಿಯಿತು. ಮರುವರ್ಷ ಜನವರಿಯಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಸಂಬಳ ಅಂತ ಸಾರಿದ. ಇದನ್ನು ಎಲ್ಲರೂ ದೊಡ್ಡ ಮನಸ್ಸು ಅಂತ ಹೊಗಳುತ್ತಾರೆ. ಅದರ ಹಿಂದಿನ ಕಾರಣವನ್ನೂ ತಿಳಿದಿರಿ: ದಿನವಿಡೀ ಒಂದೇ ಬೋಲ್ಟ್ ತಿರುಗಿಸುವ ಕೆಲಸವನ್ನು ಜನ ತಾಳಲಾರದೆ ಬಿಟ್ಟು ಓಡುತ್ತಿದ್ದರು. 1913ರಲ್ಲಿ ಕೆಲಸ ಬಿಟ್ಟವರ ಪ್ರಮಾಣ 370%. ಅಂದರೆ ಒಂದು ಜಾಗಕ್ಕೆ ವರ್ಷದಲ್ಲಿ ಮೂರ್ನಾಲ್ಕು ಜನ ಬಂದು ಹೋಗುತ್ತಿದ್ದರು. ಆ 5 ಡಾಲರ್ ಪೂರ್ತಿ ಸಿಗಬೇಕಾದರೆ ಕಂಪನಿಯವರು ಮನೆಗೆ ಬಂದು, ಕುಡಿತ ಇದೆಯಾ, ಮನೆ ಚೊಕ್ಕಟವಾಗಿದೆಯಾ ಅಂತ ನೋಡಿ ಒಪ್ಪಬೇಕಿತ್ತು.

ಆಮೇಲೆ ಡಿಯರ್‌ಬಾರ್ನ್‌ನ ರೂಜ್ ಕಾಂಪ್ಲೆಕ್ಸ್ ಬಂತು. ಒಂದು ಕಡೆಯಿಂದ ಅದಿರು ಹಡಗಿನಲ್ಲಿ ಬಂದರೆ ಇನ್ನೊಂದು ಕಡೆಯಿಂದ ಕಾರು ಹೊರಗೆ. ಸ್ಟೀಲು, ಗಾಜು, ಕರೆಂಟು ಎಲ್ಲಾ ಒಳಗೇ. ಒಂದು ಕಾಲಕ್ಕೆ ಲಕ್ಷ ಜನ ಅಲ್ಲಿ ದುಡಿದರು. ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ, ಪೋಲೆಂಡ್, ಇಟಲಿ, ಲೆಬನಾನ್‌ನಿಂದ ವಲಸೆಗಾರರು ಬಂದು ಸೇರಿದರು. 1950ರಲ್ಲಿ ಡೆಟ್ರಾಯಿಟ್ ಜನಸಂಖ್ಯೆ ಸುಮಾರು 18.5 ಲಕ್ಷ. 2020ರಲ್ಲಿ ಉಳಿದಿದ್ದು ಸುಮಾರು 6.4 ಲಕ್ಷ.

ಜಪಾನಿನ ಕಾರುಗಳು ಬಂದು ಊರು ಹಾಳಾಯಿತು ಅಂತ ಇಲ್ಲಿ ಎಷ್ಟೋ ಜನ ಇವತ್ತಿಗೂ ಹೇಳುತ್ತಾರೆ. ಲೆಕ್ಕ ನೋಡಿದರೆ ಆ ಮಾತು ನಿಲ್ಲೋದಿಲ್ಲ. 1947ರಿಂದ 1963ರ ನಡುವೆಯೇ ಡೆಟ್ರಾಯಿಟ್ ನಗರ ಸುಮಾರು 1.34 ಲಕ್ಷ ಕಾರ್ಖಾನೆ ಕೆಲಸ ಕಳೆದುಕೊಂಡಿತ್ತು. ಆಗ ಅಮೆರಿಕದ ರಸ್ತೆಯಲ್ಲಿ ಜಪಾನಿನ ಕಾರು ಹುಡುಕಿದರೂ ಸಿಗುತ್ತಿರಲಿಲ್ಲ. ಹಳೆ ಫ್ಯಾಕ್ಟರಿಗಳು ನಾಲ್ಕೈದು ಮಹಡಿಯವು. ಉದ್ದನೆಯ ಲೈನ್ ಹಾಕಲು ಒಂದೇ ಮಹಡಿಯ ವಿಶಾಲ ಜಾಗ ಬೇಕಾಯಿತು, ಅದು ನಗರದೊಳಗೆ ಇರಲಿಲ್ಲ. ಯೂನಿಯನ್ ಬಲ ಒಂದೇ ಕಡೆ ಸೇರದಿರಲಿ ಅನ್ನೋ ಲೆಕ್ಕಾಚಾರವೂ ಇತ್ತು. 1947ರಿಂದ 1958ರವರೆಗೆ ಮೂರು ದೊಡ್ಡ ಕಂಪನಿಗಳು ಈ ಪ್ರದೇಶದಲ್ಲಿ 25 ಹೊಸ ಪ್ಲಾಂಟ್ ಕಟ್ಟಿದವು, ಎಲ್ಲವೂ ನಗರದ ಆಚೆ. ಪ್ಯಾಕಾರ್ಡ್ ಅನ್ನೋ ಕಾರ್ ಕಂಪನಿ 1956ರಲ್ಲಿ ಡೆಟ್ರಾಯಿಟ್‌ನಲ್ಲಿ ಕಾರು ಮಾಡೋದನ್ನು ನಿಲ್ಲಿಸಿತು. ನೀವು ವಿಡಿಯೋದಲ್ಲಿ ನೋಡಿದ್ದು ಬಹುಶಃ ಆ ಕಂಪನಿಯ ಹಳೆ ಪ್ಲಾಂಟ್. 2024ರ ಹೊತ್ತಿಗೆ ಅದರ ಬಹುಪಾಲನ್ನು ಕೆಡವಿ ಮುಗಿಸಿದ್ದಾರೆ.

ಪ್ಲಾಂಟ್ ಹೋದ ಕಡೆಗೆ ಜನರೂ ಹೋಗಬಹುದಿತ್ತಲ್ವಾ? ಬಿಳಿಯರು ಹೋದರು. ಕಪ್ಪು ಜನರಿಗೆ ಅಲ್ಲಿ ಮನೆ ಮಾರುತ್ತಿರಲಿಲ್ಲ, ಸಾಲವೂ ಸಿಗುತ್ತಿರಲಿಲ್ಲ. ಇದಕ್ಕೆ ಸಾಕ್ಷಿ ಇವತ್ತಿಗೂ ನಿಂತಿದೆ. ಏಟ್ ಮೈಲ್ ರಸ್ತೆಯ ಹತ್ತಿರ, ಮನೆಗಳ ಹಿತ್ತಲಿನ ಮಧ್ಯೆ, ಅರ್ಧ ಮೈಲಿ ಉದ್ದದ ಒಂದು ಕಾಂಕ್ರೀಟ್ ಗೋಡೆ ಇದೆ. ಕಟ್ಟಿದ್ದು 1941ರಲ್ಲಿ. ಕಪ್ಪು ಜನರ ಬಡಾವಣೆ ಪಕ್ಕದಲ್ಲೇ ಇದೆ ಅಂತ ಸರ್ಕಾರ ಬಿಳಿಯರ ಹೊಸ ಲೇಔಟ್‌ನ ಸಾಲಕ್ಕೆ ಗ್ಯಾರಂಟಿ ಕೊಡಲಿಲ್ಲ. ಆಗ ಬಿಲ್ಡರ್ ನಡುವೆ ಈ ಗೋಡೆ ಎಬ್ಬಿಸಿದ, ಸಾಲ ಮಂಜೂರಾಯಿತು. ಒಂದು ಕಡೆ ಪಾರ್ಕ್ ಇದೆ, ಅಲ್ಲಿನ ಗೋಡೆಯ ಮೇಲೆ ಈಗ ಬಣ್ಣದ ಚಿತ್ರಗಳಿವೆ. ಉಳಿದ ಕಡೆ ಬರೀ ಗೋಡೆ. ಎತ್ತರವೇನೂ ಜಾಸ್ತಿ ಇಲ್ಲ, ದೊಡ್ಡವರೊಬ್ಬರ ಎತ್ತರ ಅಷ್ಟೇ. ಬಂದವರು ದಯವಿಟ್ಟು ಒಮ್ಮೆ ಹೋಗಿ ಕೈಯಿಟ್ಟು ನೋಡಿ. 1967ರ ಗಲಭೆಯಲ್ಲಿ 43 ಜನ ಸತ್ತಾಗ ಊರಿಗೆ ಊರೇ ಯಾಕೆ ಹೊತ್ತಿ ಉರಿಯಿತು ಅನ್ನೋದಕ್ಕೆ ಆ ಗೋಡೆ ಸಾಕಷ್ಟು ಉತ್ತರ ಕೊಡುತ್ತದೆ. 2013ರಲ್ಲಿ ನಗರ ಸುಮಾರು 18 ಬಿಲಿಯನ್ ಡಾಲರ್ ಸಾಲ ಹೊತ್ತು ದಿವಾಳಿ ಅಂತ ಘೋಷಿಸಿಕೊಂಡಾಗ ಪಿಂಚಣಿ ಕಡಿತ ಆಗಿದ್ದೂ ನಗರಕ್ಕಾಗಿ ದುಡಿದ ಸಾಮಾನ್ಯ ನೌಕರರಿಗೇ.

ಭಾರತೀಯರನ್ನು ಹೇಗೆ ನೋಡ್ತಾರೆ ಅಂತಲೂ ಕೇಳಿದ್ದೀರಿ. ನನ್ನ ಅನುಭವದಲ್ಲಿ ಚೆನ್ನಾಗಿ ನೋಡುತ್ತಾರೆ. ಶಾಪ್ ಫ್ಲೋರ್‌ನವರು ನೇರ ಮಾತಿನವರು. ಡ್ರಾಯಿಂಗ್ ಹಿಡಿದು ದೂರ ನಿಲ್ಲದೆ ಅವರ ಪಕ್ಕ ನಿಂತು ಕೆಲಸ ನೋಡಿದರೆ ಎಲ್ಲಾ ಹೇಳಿಕೊಡುತ್ತಾರೆ. ಆದರೂ ಏಷ್ಯಾದಿಂದ ಬಂದ ನಾವೆಲ್ಲ ವಿನ್ಸೆಂಟ್ ಚಿನ್ ಹೆಸರು ಮರೆಯಬಾರದು ಅನ್ನೋದು ನನ್ನ ನಂಬಿಕೆ. ಚೀನೀ ಮೂಲದ ಅಮೆರಿಕನ್ ಯುವಕ, ಡ್ರಾಫ್ಟ್ಸ್‌ಮನ್ ಆಗಿದ್ದ. 1982ರಲ್ಲಿ ಕಾರ್ ಉದ್ಯಮ ನೆಲಕಚ್ಚಿದ್ದಾಗ, ಹೈಲ್ಯಾಂಡ್ ಪಾರ್ಕ್‌ನಲ್ಲಿ ಆಟೋ ಕೆಲಸದ ಇಬ್ಬರು ಬಿಳಿಯರು ಅವನನ್ನು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದರು. ಜಪಾನಿನ ಕಾರುಗಳ ಮೇಲಿನ ಸಿಟ್ಟು ಅವನ ಮೇಲೆ ತಿರುಗಿತ್ತು. ಕೋರ್ಟು ಅವರಿಗೆ ಕೊಟ್ಟಿದ್ದು ಪ್ರೊಬೇಷನ್ ಮತ್ತು 3,000 ಡಾಲರ್ ದಂಡ, ಜೈಲಿಲ್ಲ. ಈಗ ಕಾಲ ಬದಲಾಗಿದೆ. ಆದರೆ ಕೆಲಸ ಹೋದ ಊರಿನಲ್ಲಿ ಸಿಟ್ಟು ಯಾರ ಮೇಲೆ ಬೀಳಬಹುದು ಅನ್ನೋ ಎಚ್ಚರ ಇರಲಿ.

ಕೆಲಸ ಹೋಗೋದು ಇಲ್ಲಿ ಅಪರೂಪವೂ ಅಲ್ಲ. ಕಾರ್ ಮಾರಾಟ ಏರಿದಾಗ ಓವರ್‌ಟೈಮ್, ಇಳಿದಾಗ ಲೇಆಫ್. 2009ರಲ್ಲಿ ಕ್ರೈಸ್ಲರ್, ಜಿಎಂ ಎರಡೂ ದಿವಾಳಿ ಕೋರ್ಟಿಗೆ ಹೋದ ವರ್ಷ ಮಿಶಿಗನ್‌ನಲ್ಲಿ ನಿರುದ್ಯೋಗ 14% ಹತ್ತಿರ ಇತ್ತು. 2023ರಲ್ಲಿ ಕಾರ್ ಕಾರ್ಮಿಕರ ಯುಎಡಬ್ಲ್ಯೂ ಯೂನಿಯನ್ ಫೋರ್ಡ್, ಜಿಎಂ, ಸ್ಟೆಲ್ಲಾಂಟಿಸ್ ಮೂರೂ ಕಂಪನಿಗಳ ಮೇಲೆ ಒಟ್ಟಿಗೆ ಮುಷ್ಕರ ಹೂಡಿತು. ಸುಮಾರು ಆರು ವಾರ ನಡೆದು 2028ರವರೆಗಿನ ಒಪ್ಪಂದದಲ್ಲಿ 25% ಸಂಬಳ ಹೆಚ್ಚಳ ಸಿಕ್ಕಿತು. ಅವರಿಗೆ ಸಿಕ್ಕಿದ್ದು ನ್ಯಾಯ ಅಂತಲೇ ನನ್ನ ಅಭಿಪ್ರಾಯ, 2009ರಲ್ಲಿ ಅವರು ಬಿಟ್ಟುಕೊಟ್ಟಿದ್ದು ಬಹಳ. ಆದರೆ ಮುಷ್ಕರ ನಡೆಯುವಾಗ ಸಪ್ಲೈಯರ್ ಪ್ಲಾಂಟ್‌ಗಳ ಎಷ್ಟೋ ಕಾರ್ಮಿಕರು ಸಂಬಳವಿಲ್ಲದೆ ಮನೆಯಲ್ಲಿ ಕೂತರು, ಅವರ ಬಗ್ಗೆ ಪೇಪರ್‌ನವರು ಬರೆದಿದ್ದು ಕಡಿಮೆ. ನೀವು ಎಚ್-1ಬಿ ಅಥವಾ ಎಲ್-1 ವೀಸಾದಲ್ಲಿ ಬಂದರೆ, ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ ಟೈಮ್. ಹಾಗಾಗಿ ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಮುಂದಿನ ಪ್ಲಾನ್ ಮಾಡಿ. ಊರಿನಲ್ಲಿ ಮನೆ ಕಟ್ಟಿಸೋ ಸಾಲವನ್ನೂ ಇಲ್ಲಿನ ಸಾಲವನ್ನೂ ಒಟ್ಟಿಗೆ ಹೊರಬೇಡಿ.

ಇನ್ನು ದಿನನಿತ್ಯದ ಜೀವನ. ಕಾರಿಲ್ಲದೆ ಇಲ್ಲಿ ಆಗೋದಿಲ್ಲ. ಬಸ್ಸು ಕಡಿಮೆ, ರೈಲು ಹೆಸರಿಗಷ್ಟೇ. ಇನ್ಶೂರೆನ್ಸ್ ಪ್ರೀಮಿಯಂ ನೋಡಿ ಗಾಬರಿ ಆಗಬೇಡಿ, ಇಲ್ಲಿ ಅದು ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲೊಂದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪಿನ ಗಣಿ ಡೆಟ್ರಾಯಿಟ್‌ನ ಕೆಳಗೇ ಇದೆ, ಸುಮಾರು 1,200 ಅಡಿ ಆಳದಲ್ಲಿ. ಕಾರಿನ ಅಡಿಭಾಗ ತಿಂಗಳಿಗೆರಡು ಸಲವಾದರೂ ತೊಳೆಸಿ, ಇಲ್ಲದಿದ್ದರೆ ಬ್ರೇಕ್ ಪೈಪು ಬೇಗ ತುಕ್ಕು ಹಿಡಿಯುತ್ತದೆ. ಮಕ್ಕಳ ಶಾಲೆಗೆ ನಮ್ಮವರು ಜಾಸ್ತಿ ಹುಡುಕೋದು ನೋವೈ, ಟ್ರಾಯ್, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ಕಡೆ. ಟ್ರಾಯ್‌ನಲ್ಲಿ ಭಾರತೀಯ ಟೆಂಪಲ್, ನೋವೈನಲ್ಲಿ ವೆಂಕಟೇಶ್ವರ ದೇವಸ್ಥಾನ ಇದೆ. ಪಂಪ ಕನ್ನಡ ಕೂಟ ಇದೆ, ಯುಗಾದಿ ರಾಜ್ಯೋತ್ಸವಕ್ಕೆ ಹೋಗಿ, ನಿಮ್ಮ ಮನೆಯವರಿಗೆ ಮೊದಲ ಚಳಿಗಾಲದಲ್ಲಿ ಮಾತಾಡಲು ಜನ ಸಿಗುತ್ತಾರೆ. ಬೇಳೆ, ಅಕ್ಕಿ, ಕರಿಬೇವಿಗೆ ತೊಂದರೆ ಇಲ್ಲ.

ಆದರೆ ನೋವೈನಲ್ಲಿ ವರ್ಷಗಟ್ಟಲೆ ಇದ್ದು ಡೌನ್‌ಟೌನ್ ಕಡೆ ತಲೆ ಹಾಕದವರು ಬಹಳ ಜನ ಇದ್ದಾರೆ, ಅದು ನನಗೆ ಬೇಜಾರು. ಶನಿವಾರ ಬೆಳಿಗ್ಗೆ ಈಸ್ಟರ್ನ್ ಮಾರ್ಕೆಟ್‌ಗೆ ಹೋಗಿ ತರಕಾರಿ ತನ್ನಿ. ಮಿಶಿಗನ್ ಸೆಂಟ್ರಲ್ ಸ್ಟೇಷನ್ 1988ರಿಂದ ಹಾಳು ಸುರಿಯುತ್ತಿತ್ತು. ಫೋರ್ಡ್ ಕೊಂಡು ರಿಪೇರಿ ಮಾಡಿಸಿ 2024ರಲ್ಲಿ ಮತ್ತೆ ತೆರೆದಿದೆ, ಅದನ್ನು ನೋಡಿ. ಆರ್ಟ್ ಮ್ಯೂಸಿಯಂನಲ್ಲಿ ಡಿಯೇಗೋ ರಿವೇರಾ 1932–33ರಲ್ಲಿ ರೂಜ್ ಪ್ಲಾಂಟ್ ನೋಡಿಕೊಂಡು ಬರೆದ ಗೋಡೆಚಿತ್ರಗಳಿವೆ. ದೊಡ್ಡ ಗೋಡೆಯ ತುಂಬ ಎಂಜಿನ್ ಬ್ಲಾಕು, ಪ್ರೆಸ್ಸು, ಬಗ್ಗಿ ಎಳೆಯುವ, ತಳ್ಳುವ ಮನುಷ್ಯರು. ತಯಾರಾದ ಕಾರು ಎಲ್ಲಿ ಅಂತ ಹುಡುಕಬೇಕು, ದೂರದಲ್ಲಿ ಒಂದು ಪುಟ್ಟ ಕೆಂಪು ಗಾಡಿ ಅಷ್ಟೇ. ನಮ್ಮ ಲೈನ್‌ನಲ್ಲಿ ಕವರ್ ಎಳೆಯುವವರ ಭುಜ ಕೂಡ ಹಾಗೆಯೇ ಬಾಗಿರುತ್ತದೆ. 2023ರಲ್ಲಿ ನಗರದ ಜನಸಂಖ್ಯೆ ಸ್ವಲ್ಪ ಏರಿದೆ ಅಂತ ಸೆನ್ಸಸ್ ಅಂದಾಜು ಬಂತು, 1957ರ ನಂತರ ಅದೇ ಮೊದಲ ಸಲ. ಆ ಸುದ್ದಿ ಬಂದಾಗ ನಮ್ಮ ಪ್ಲಾಂಟ್‌ನಲ್ಲಿ ನಗರದವರು ಎಷ್ಟು ಖುಷಿಪಟ್ಟರು ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಸಾಧ್ಯವಾದರೆ ಏಪ್ರಿಲ್–ಮೇನಲ್ಲಿ ಬನ್ನಿ. ಜನವರಿಯಲ್ಲಿ ಮಗುವನ್ನು ಕರೆತಂದರೆ ಮೊದಲ ಮೂರು ತಿಂಗಳು ಮನೆಯೊಳಗೇ ಕಳೆಯುತ್ತದೆ. ಜುಲೈ ಮೊದಲ ವಾರ ಪ್ಲಾಂಟ್‌ಗಳು ಶಟ್‌ಡೌನ್ ಆಗುತ್ತವೆ; ಆಗ ಮಷೀನ್ ಬದಲಾವಣೆ ಕೆಲಸ ಜೋರಾಗಿರುವುದರಿಂದ ನಿಮ್ಮ ಟೀಮ್‌ಗೆ ರಜೆ ಸಿಗುತ್ತಾ ಅಂತ ಮೊದಲೇ ಕೇಳಿಕೊಳ್ಳಿ. ಆಫರ್ ಲೆಟರ್‌ನಲ್ಲಿ ಡೆಟ್ರಾಯಿಟ್ ಅಂತ ಇದ್ದರೂ ಆಫೀಸು ಆಬರ್ನ್ ಹಿಲ್ಸ್‌ನಲ್ಲೂ ಇರಬಹುದು, ಡಿಯರ್‌ಬಾರ್ನ್‌ನಲ್ಲೂ ಇರಬಹುದು. ಒಂದಕ್ಕೂ ಇನ್ನೊಂದಕ್ಕೂ ಬೆಳಗಿನ ಟ್ರಾಫಿಕ್‌ನಲ್ಲಿ ಗಂಟೆ ದಾರಿ. ಸರಿಯಾದ ವಿಳಾಸ ತಿಳಿದುಕೊಂಡು ಊರಿನ ಹೆಸರಷ್ಟೇ ಇಲ್ಲಿ ಬರೆಯಿರಿ, ಬಾಡಿಗೆ ಮನೆ ಯಾವ ಕಡೆ ನೋಡಬೇಕು ಅಂತ ಹೇಳ್ತೀನಿ.