ಪಥ್ಯದ ನೆಂಟ್ರಿಗೂ ಹೊಟ್ಟೆ ತುಂಬ ಊಟ

ಓದುಗರೊಬ್ಬರು ಮಗಳ ಮದುವೆ ಊಟದ ವಿಷಯಕ್ಕೆ ದೊಡ್ಡ ಪತ್ರ ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: ಬೀಗರ ಕಡೆ ಒಬ್ಬ ಹೆಣ್ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ, ಗೋಧಿ ಮುಟ್ಟೋ ಹಾಗಿಲ್ಲ. ಇವರ ಸ್ವಂತ ತಮ್ಮನ ಮಗನಿಗೆ, ಇನ್ನೂ ಚಿಕ್ಕ ಹುಡುಗ, ಕಡಲೆಕಾಯಿ ಅಲರ್ಜಿ. ಹಿರಿಯರೊಬ್ಬರು ಡಯಾಲಿಸಿಸ್ ಮಾಡಿಸ್ಕೊಳ್ತಾರೆ, ಇನ್ನೊಬ್ರು ಇನ್ಸುಲಿನ್ ತಗೊಳ್ತಾರೆ, ಮಗಳ ಫ್ರೆಂಡ್ಸಲ್ಲಿ ಮೂರ್ನಾಲ್ಕು ಜನ ವೀಗನ್, ಅಂದ್ರೆ ಹಾಲು ತುಪ್ಪ ಕೂಡ ಮುಟ್ಟದೋರು. ಕೇಟರಿಂಗ್‌ನವರು "ಎಲ್ಲಾ ನೋಡ್ಕೊಳ್ತೀವಿ ಬಿಡಿ" ಅಂದಿದ್ದಾರೆ, ಮನೆಯವರು "ಏಳೆಂಟು ಜನಕ್ಕೋಸ್ಕರ ಯಾಕಿಷ್ಟು ತಲೆ ಕೆಡಿಸ್ಕೊಳ್ತೀಯಾ" ಅಂತಿದ್ದಾರೆ. ಪತ್ರದಲ್ಲಿ ಮೂರು ಪ್ರಶ್ನೆ ಇದೆ: ಯಾರಿಗೆ ಏನು ಮಾಡಿಸ್ಬೇಕು, ಕೇಟರಿಂಗ್‌ನವರ ಹತ್ರ ಏನು ಕೇಳ್ಬೇಕು, ಮತ್ತೆ ತಮ್ಮನ ಹೆಂಡತಿಗೆ "ಮಗೂಗೆ ಮನೆಯಿಂದ್ಲೇ ಊಟ ತಂದ್ಬಿಡಮ್ಮ" ಅಂದ್ರೆ ತಪ್ಪಾಗತ್ತಾ ಅಂತ.

ಮೊದ್ಲು ನಿಮ್ಮ ಮನೆಯವರ ಮಾತಿಗೇ ಬರ್ತೀನಿ. ಏಳೆಂಟು ಜನ ಅನ್ನೋದು ನಿಮಗೆ ಗೊತ್ತಿರೋರ ಲೆಕ್ಕ ಅಷ್ಟೇ. ಸೀಲಿಯಾಕ್ ಒಂದನ್ನೇ ತಗೊಂಡ್ರೂ ಪ್ರಪಂಚದಲ್ಲಿ ಸುಮಾರು ನೂರಕ್ಕೊಬ್ರಿಗೆ ಇದೆ, ಅವರಲ್ಲಿ ಎಷ್ಟೋ ಜನಕ್ಕೆ ತಮಗಿದೆ ಅಂತಾನೇ ಗೊತ್ತಿರಲ್ಲ. ಹಾಲಿನ ಲ್ಯಾಕ್ಟೋಸ್ ಸರಿಯಾಗಿ ಜೀರ್ಣ ಆಗದೇ ಇರೋರು ಪ್ರಪಂಚದ ಜನರಲ್ಲಿ ಹತ್ತಿರಹತ್ತಿರ ಮೂರರಲ್ಲಿ ಎರಡು ಪಾಲು. ಇದರ ಮೇಲೆ ಶುಗರ್, ಬಿಪಿ, ಕಿಡ್ನಿ ತೊಂದ್ರೆ ಇರೋರು, ಗರ್ಭಿಣಿಯರು, ಹಲ್ಲಿಲ್ಲದ ಅಜ್ಜ ಅಜ್ಜಿಯರು, ಇವರನ್ನೆಲ್ಲಾ ಸೇರಿಸಿ ನೋಡಿ. ಇವರಲ್ಲಿ ಎಷ್ಟೋ ಜನ ಬಾಯಿ ಬಿಟ್ಟು ಹೇಳೋದೇ ಇಲ್ಲ, ಮದುವೆ ಮನೆಯವರಿಗೆ ಯಾಕೆ ತೊಂದ್ರೆ ಕೊಡೋದು ಅಂತ ಎರಡು ತುತ್ತು ಏನೋ ತಿಂದ ಹಾಗೆ ಮಾಡಿ "ಬೆಳಿಗ್ಗೆ ತಿಂಡಿ ಜಾಸ್ತಿ ಆಯ್ತು" ಅಂತ ಎದ್ದು ಹೋಗ್ತಾರೆ. ಕರೆದ ನೆಂಟ್ರು ಹಸ್ಕೊಂಡು ಹೋಗೋದು ನಂಗಂತೂ ಸಣ್ಣ ವಿಷಯ ಅನ್ಸಲ್ಲ, ಹಾಗಾಗಿ ನೀವು ತಲೆ ಕೆಡಿಸ್ಕೊಂಡಿರೋದು ಸರಿಯಾಗೇ ಇದೆ.

ಆದ್ರೆ ಎಲ್ಲರಿಗೂ ಒಂದೊಂದು ಸ್ಪೆಷಲ್ ಐಟಂ ಮಾಡಿಸೋಕೆ ಹೊರಡಬೇಡಿ. ಪಟ್ಟಿ ಬೆಳೆದಷ್ಟೂ ಪಾತ್ರೆಗಳು ಬೆರಕೆ ಆಗೋ ಚಾನ್ಸ್ ಜಾಸ್ತಿ, ಅದೂ ಅಲ್ಲದೆ ಮೂಲೆಯಲ್ಲಿ "ಪಥ್ಯದವರಿಗೆ" ಅಂತ ಒಂದು ಕೌಂಟರ್ ಇಟ್ಟು ಅಲ್ಲಿ ಉಪ್ಪು ಖಾರ ಇಲ್ಲದ ಬೇಯಿಸಿದ ತರಕಾರಿ ಇಟ್ರೆ ಅದನ್ನ ತಿನ್ನೋರಿಗೆ ಸಂತೋಷ ಏನಿರತ್ತೆ ಹೇಳಿ. ನಾನು ಹೇಳೋದು ಏನಂದ್ರೆ, ಮೆನುವನ್ನೇ ಮೊದ್ಲಿಂದ ಹಾಗೆ ಹೊಂದಿಸಿ. ಅಕ್ಕಿ, ಬೇಳೆ, ತರಕಾರಿ, ಹಣ್ಣು ಇವುಗಳಲ್ಲಿ ಗ್ಲುಟನ್ (ಗೋಧಿಯಂಥ ಧಾನ್ಯದಲ್ಲಿರೋ ಪ್ರೋಟೀನ್) ತಾನಾಗೇ ಇರಲ್ಲ, ಹಾಲೂ ಇರಲ್ಲ, ಹೊರಗಿಂದ ಏನೂ ಸೇರಿಸದೆ ಇದ್ರೆ ಸಾಕು. ಎಲ್ಲರೂ ತಿನ್ನೋ ಐಟಂಗಳಲ್ಲೇ ಅರ್ಧಕ್ಕಿಂತ ಜಾಸ್ತಿ ಹೀಗಿರಲಿ, ಆಮೇಲೆ ಉಳಿದಿದ್ದಕ್ಕೆ ಮಾತ್ರ ಬೇರೆ ವ್ಯವಸ್ಥೆ ಯೋಚ್ನೆ ಮಾಡಿ. ಒಂದು ಸಿಹಿ ಕೂಡ ಆ ಗುಂಪಲ್ಲಿ ಇರಲೇಬೇಕು ದಯವಿಟ್ಟು, ಸಿಹಿ ವಿಷಯದಲ್ಲೇ ಇವರನ್ನ ಎಲ್ಲರೂ ಮರೀತಾರೆ.

ಈಗ ಒಬ್ಬೊಬ್ಬರ ವಿಷಯ. ಎಲ್ಲಕ್ಕಿಂತ ಮೊದಲು ಆ ಹುಡುಗ, ಯಾಕಂದ್ರೆ ನಿಮ್ಮ ಪಟ್ಟಿಯಲ್ಲಿ ಕೆಲವೇ ನಿಮಿಷದಲ್ಲಿ ಜೀವಕ್ಕೆ ಅಪಾಯ ಆಗಬಹುದಾದ ಊಟದ ವಿಷಯ ಅಂದ್ರೆ ಅವನದೇ. ಕಡಲೆಕಾಯಿನ ಮದುವೆ ಅಡುಗೆಯಿಂದ ಪೂರ್ತಿ ತೆಗೆಸಿಬಿಡಿ, ಅವನ ತಟ್ಟೆಯಿಂದ ಮಾತ್ರ ಅಲ್ಲ, ಇಡೀ ಅಡುಗೆಮನೆಯಿಂದ. ಅದಿಲ್ಲ ಅಂತ ಯಾರಿಗೂ ಊಟ ರುಚಿ ಕಮ್ಮಿ ಆಗಲ್ಲ. ಕಾಯಿಸಿದ್ರೆ, ಹುರಿದ್ರೆ ಅಲರ್ಜಿ ಅಂಶ ಹೋಗತ್ತೆ ಅಂತ ಎಷ್ಟೋ ಅಡುಗೆಯವರು ನಂಬಿದ್ದಾರೆ, ಹೋಗಲ್ಲ, ಹುರಿದ ಕಡಲೆಕಾಯಿಯಲ್ಲೂ ಅದು ಇದ್ದೇ ಇರತ್ತೆ. ಕಡಲೆಕಾಯಿ ಹಾಕಿ ಕರಿದ ಎಣ್ಣೆಯಲ್ಲಿ ಬೇರೆ ಏನೇ ಕರಿದ್ರೂ ಅದು ಅವನಿಗೆ ಆಗಲ್ಲ. ಎಣ್ಣೆ ಯಾವುದು ಅಂತಾನೂ ಕೇಳಿ, ಪೂರ್ತಿ ರಿಫೈನ್ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನ್ ಹೆಚ್ಚುಕಮ್ಮಿ ಇರಲ್ಲ ಆದ್ರೆ ಗಾಣದ ಎಣ್ಣೆಯಲ್ಲಿ ಇರತ್ತೆ, ಈ ತರ್ಕವೆಲ್ಲ ಮದುವೆ ಗಡಿಬಿಡಿಯಲ್ಲಿ ಬೇಡ, ಬೇರೆ ಎಣ್ಣೆನೇ ತರಿಸಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಸ್ಯಾನಿಟೈಜರ್ ಹಚ್ಚಿದ್ರೆ ಕೈಗೆ ಅಂಟಿರೋ ಕಡಲೆಕಾಯಿ ಪ್ರೋಟೀನ್ ಹೋಗಲ್ಲ, ಸೋಪು ನೀರು ಹಾಕೇ ತೊಳೀಬೇಕು. ಮಕ್ಕಳು ಜೇಬಲ್ಲಿ ಏನಾದ್ರೂ ತಂದು ಹಂಚ್ಕೊಂಡು ತಿನ್ನೋದು ಇದ್ದೇ ಇರತ್ತಲ್ಲ, ಆ ವಯಸ್ಸಿನ ಬೇರೆ ಮಕ್ಕಳ ಅಪ್ಪ ಅಮ್ಮಂದ್ರಿಗೂ ಒಂದು ಮಾತು ಮುಂಚೆನೇ ಹೇಳಿಡಿ.

ಅವನ ಹತ್ರ ಅಡ್ರಿನಲಿನ್ ಪೆನ್, ಅಂದ್ರೆ ಅಲರ್ಜಿ ಜೋರಾದಾಗ ತಕ್ಷಣ ಚುಚ್ಚೋ ಇಂಜೆಕ್ಷನ್, ಇದೆಯಾ ಅಂತ ಅವರಮ್ಮನ್ನ ಕೇಳಿ. ಇದ್ರೆ ಅದು ಯಾವ ಬ್ಯಾಗಲ್ಲಿದೆ, ಹೇಗೆ ಚುಚ್ಚೋದು ಅನ್ನೋದು ಅಪ್ಪ ಅಮ್ಮ ಬಿಟ್ಟು ಇನ್ನಿಬ್ಬರಿಗಾದ್ರೂ ಗೊತ್ತಿರಬೇಕು. ಅಕಸ್ಮಾತ್ ತುಟಿ ಊದಿಕೊಂಡು, ಮೈಯೆಲ್ಲಾ ದದ್ದು ಬಂದು, ಕೆಮ್ಮು ಉಬ್ಬಸ ವಾಂತಿ ಶುರುವಾದ್ರೆ ಅಲರ್ಜಿ ಮಾತ್ರೆ ಕೊಟ್ಟು ಕಾಯೋದಲ್ಲ, ಆ ಹೊತ್ತಲ್ಲಿ ಮೊದಲ ಔಷಧಿ ಅಡ್ರಿನಲಿನ್ನೇ, ಅದು ತಡವಾದಷ್ಟೂ ಅಪಾಯ ಜಾಸ್ತಿ. ಚುಚ್ಚಿದ ಮೇಲೆ ಅವನು ಸರಿಹೋದ ಹಾಗೆ ಕಂಡ್ರೂ ಆಸ್ಪತ್ರೆಗೆ ಹೋಗ್ಲೇಬೇಕು, ಕೆಲವು ಗಂಟೆ ಬಿಟ್ಟು ಆ ಲಕ್ಷಣಗಳು ಮತ್ತೆ ವಾಪಸ್ ಬರೋದು ಉಂಟು.

ಸೀಲಿಯಾಕ್ ಇರೋ ಹೆಣ್ಮಗಳ ವಿಷಯ ಬೇರೆ ಥರ. ಅವರಿಗೆ ಉಸಿರು ಕಟ್ಟಿ ಬೀಳೋ ಭಯ ಇಲ್ಲ, ಆದ್ರೆ ಗೋಧಿ, ಬಾರ್ಲಿ, ರೈ (ಗೋಧಿ ಥರದ್ದೇ ಒಂದು ಧಾನ್ಯ) ಇವುಗಳಲ್ಲಿರೋ ಗ್ಲುಟನ್ ಒಳಗೆ ಹೋದ್ರೆ ಅವರದೇ ರೋಗನಿರೋಧಕ ಶಕ್ತಿ ಸಣ್ಣ ಕರುಳಿನ ಒಳಪದರನ ಹಾಳು ಮಾಡತ್ತೆ. ಡಯಟ್ ಫ್ಯಾಶನ್ ಅಂತ ಯಾರಾದ್ರೂ ಆಡ್ಕೊಂಡ್ರೆ ಈ ಕಥೆ ಹೇಳಿ: 1944-45ರ ಚಳಿಗಾಲದಲ್ಲಿ ಯುದ್ಧದಿಂದ ನೆದರ್‌ಲ್ಯಾಂಡ್ಸ್‌ನಲ್ಲಿ ಬ್ರೆಡ್ಡಿಗೆ ಬರ ಬಂದಾಗ ಈ ಕಾಯಿಲೆ ಇದ್ದ ಮಕ್ಕಳು ಸುಧಾರಿಸಿದ್ರು, ಬ್ರೆಡ್ ಮತ್ತೆ ಸಿಗೋಕೆ ಶುರುವಾದ ಮೇಲೆ ಮತ್ತೆ ಕಾಯಿಲೆ ಬಿದ್ರು. ವಿಲ್ಲೆಮ್ ಡಿಕ್ಕೆ ಅನ್ನೋ ಮಕ್ಕಳ ಡಾಕ್ಟ್ರಿಗೆ ಅದಕ್ಕೂ ಮುಂಚಿನಿಂದ್ಲೇ ಗೋಧಿ ಮೇಲೆ ಅನುಮಾನ ಇತ್ತು, ಅದು ಇಲ್ಲಿ ಗಟ್ಟಿಯಾಯ್ತು. ಇವತ್ತಿಗೂ ಇದಕ್ಕೆ ಮಾತ್ರೆ ಇಲ್ಲ, ಜೀವನ ಪೂರ್ತಿ ಗ್ಲುಟನ್ ಬಿಡೋದೊಂದೇ ದಾರಿ.

"ಗ್ಲುಟನ್ ಫ್ರೀ" ಅಂತ ಬರ್ಕೊಳ್ಳೋಕೆ ಅಂತರರಾಷ್ಟ್ರೀಯ ಮಿತಿ ಕೆಜಿಗೆ 20 ಮಿಲಿಗ್ರಾಂ. ಅಷ್ಟು ಕಮ್ಮಿ ಅಂದ್ರೆ ಅಡುಗೆಮನೆಯಲ್ಲಿ ಏನಾಗಬಹುದು ಅಂತ ಸ್ವಲ್ಪ ನೋಡಿ. ಅನ್ನದ ಪಾತ್ರೆಯಲ್ಲಿ ಏನೂ ತಪ್ಪಿಲ್ಲ, ಚೆನ್ನಾಗೇ ಮಾಡಿದ್ದಾರೆ. ಪಕ್ಕದಲ್ಲಿ ಮೈದಾ ಹಾಕಿ ಗಟ್ಟಿ ಮಾಡಿದ ಗ್ರೇವಿ. ಬಡಿಸೋ ಹುಡುಗ ಗ್ರೇವಿ ಬಡಿಸಿದ ಸೌಟನ್ನ ಪಾತ್ರೆ ಅಂಚಿಗೆ ಎರಡು ಸಲ ಕುಟ್ಟಿ, ಅದನ್ನೇ ಅನ್ನಕ್ಕೆ ಹಾಕ್ತಾನೆ. ಅಲ್ಲಿಗೆ ಆ ಅನ್ನ ಅವರಿಗೆ ಕೆಟ್ಟ ಹಾಗೇ, ಕಣ್ಣಿಗೆ ಮಾತ್ರ ಏನೂ ಕಾಣಲ್ಲ. ಹಿಟ್ಟು ಕಲಸೋ ಜಾಗದಲ್ಲಿ ಗಾಳಿಯಲ್ಲಿ ಹಾರೋ ಧೂಳು ತೆರೆದಿಟ್ಟ ಪಾತ್ರೆ ಮೇಲೆ ಕೂರತ್ತೆ, ಅದೂ ಸಾಕು. ಹಾಗಾಗಿ ಅವರ ಊಟನ ಬೆಳಿಗ್ಗೆ ಎಲ್ಲಕ್ಕಿಂತ ಮೊದ್ಲು, ಹಿಟ್ಟಿನ ಚೀಲ ಬಿಚ್ಚೋಕ್ಕಿಂತ ಮುಂಚೆ, ತೊಳೆದ ಪಾತ್ರೆಯಲ್ಲಿ ಮಾಡ್ಸಿ ಮುಚ್ಚಿ ಹೆಸರು ಬರೆದು ಬೇರೆ ಕಡೆ ಎತ್ತಿಡಿಸಿ, ಬಿಸಿಯಾಗಿಡೋದಾದ್ರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳೀಬಾರದು, ಇಲ್ಲಾಂದ್ರೆ ಫ್ರಿಡ್ಜಲ್ಲಿಟ್ಟು ಊಟದ ಹೊತ್ತಿಗೆ ಚೆನ್ನಾಗಿ ಬಿಸಿ ಮಾಡಿಸಿ. ಸೋಯಾ ಸಾಸ್ ಹಾಕೋದಾದ್ರೆ ಬಾಟಲಿ ಮೇಲೆ ಓದಿ, ಸಾಮಾನ್ಯವಾಗಿ ಅದರಲ್ಲಿ ಗೋಧಿ ಇರತ್ತೆ. ಸೂಪಿನ ಪೌಡರ್, ರೆಡಿ ಮಸಾಲೆ, ಇವೂ ಅಷ್ಟೇ, ಓದದೆ ಹಾಕ್ಬೇಡಿ.

ಕೇಟರಿಂಗ್‌ನವರ "ಎಲ್ಲಾ ನೋಡ್ಕೊಳ್ತೀವಿ" ಅನ್ನೋ ಮಾತಿದೆಯಲ್ಲ, ಅದಕ್ಕೆ ಸಮಾಧಾನ ಪಟ್ಕೋಬೇಡಿ. ಮೆನುವಿನಿಂದ ಯಾವುದಾದ್ರೂ ಒಂದು ಐಟಂ ಹಿಡ್ಕೊಂಡು ಇದಕ್ಕೆ ಏನೇನು ಹಾಕ್ತೀರಾ, ಯಾವ ಎಣ್ಣೆ, ಪ್ಯಾಕೆಟ್ ಮಸಾಲೆಯಾ ನೀವೇ ಮಾಡಿದ್ದಾ, ಇದನ್ನ ಕರಿಯೋ ಬಾಣಲೆಯಲ್ಲಿ ಇನ್ನೇನು ಕರೀತೀರಾ ಅಂತ ಕೇಳಿ. ಗೊತ್ತಿರೋರು ಆರಾಮಾಗಿ ಹೇಳ್ತಾರೆ, ಬೇಜಾರು ಮಾಡ್ಕೊಳ್ಳೋರ ಹತ್ರ ನಿಮ್ಮ ತಮ್ಮನ ಮಗನ ಊಟ ಕೊಡಬೇಡಿ ಅನ್ನೋದು ನನ್ನ ಅಭಿಪ್ರಾಯ. ಸಿಹಿತಿಂಡಿ, ಐಸ್ ಕ್ರೀಮು, ಕೇಕು ಹೊರಗಿಂದ ತರಿಸೋದಾದ್ರೆ ಅವರನ್ನೂ ಕೇಳ್ಬೇಕು, ಇಲ್ಲೇ ಬಹಳ ಸಲ ಎಡವಟ್ಟಾಗೋದು. ಕೊನೇ ಗಳಿಗೆಯಲ್ಲಿ ಸಾಮಾನು ಸಿಗದೆ ಬದಲಾಯಿಸಿದ್ರೆ ನಿಮಗೆ ಫೋನ್ ಮಾಡಿಯೇ ಮಾಡಬೇಕು ಅಂತ ಬರವಣಿಗೆಯಲ್ಲೇ ತಗೊಳ್ಳಿ. ಮತ್ತೆ ಆ ದಿನ ಅಡುಗೆಮನೆಯಲ್ಲಿ ಇದಕ್ಕೆ ಜವಾಬ್ದಾರಿ ಯಾರು ಅಂತ ಒಂದೇ ಹೆಸರು ಹೇಳೋಕೆ ಹೇಳಿ. ನಿಮ್ಮ ಕಡೆಯಿಂದ್ಲೂ ಒಬ್ಬರು ಇರಲಿ, ಅದು ಖಂಡಿತ ನೀವಾಗೋದು ಬೇಡ, ಮಗಳ ಮದುವೆ ದಿನ ನಿಮಗೆ ಬೇರೆ ಕೆಲಸ ಇರತ್ತೆ.

ಬಡಿಸೋರನ್ನ ಮರೀಬೇಡಿ, ನಂಗೆ ಅಡುಗೆಯವರಿಗಿಂತ ಇವರ ವಿಷಯದಲ್ಲೇ ಚಿಂತೆ ಜಾಸ್ತಿ. "ಇದರಲ್ಲಿ ಕಡಲೆಕಾಯಿ ಇದೆಯಾ" ಅಂತ ಕೇಳಿದ್ರೆ ಗೊತ್ತಿಲ್ಲದೇನೂ "ಇಲ್ಲ ಸಾರ್" ಅಂದುಬಿಡ್ತಾರೆ, ಪಾಪ ಅವರಿಗೆ ಯಾರೂ ಹೇಳಿರಲ್ಲ, ಎಷ್ಟೋ ಜನ ಆವತ್ತೊಂದು ದಿನಕ್ಕೆ ಬಂದೋರು. ಊಟಕ್ಕೆ ಮುಂಚೆ ಐದು ನಿಮಿಷ ಅವರನ್ನ ನಿಲ್ಲಿಸಿ, ಗೊತ್ತಿಲ್ಲಾಂದ್ರೆ "ಕೇಳ್ಕೊಂಡು ಬರ್ತೀನಿ" ಅನ್ನಿ ಅಂತ ಹೇಳ್ಕೊಡಿ, ಒಂದು ಪಾತ್ರೆಗೆ ಒಂದೇ ಸೌಟು ಅಂತಾನೂ ಹೇಳಿ. ಪ್ರತಿ ಐಟಂ ಮುಂದೆ ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಇಡಿಸಿ, ಗೋಧಿ, ಹಾಲು, ಬೀಜಗಳು, ಎಳ್ಳು, ಸೋಯಾ, ಮೊಟ್ಟೆ, ಮೀನು ಇದ್ರೆ ಇದೆ ಅಂತ. ಎಳ್ಳು ಯಾಕೆ ಅಂತೀರಾ, ಅಮೆರಿಕದಲ್ಲಿ 2023ರ ಜನವರಿಯಿಂದ ಲೇಬಲ್ ಮೇಲೆ ಕಡ್ಡಾಯವಾಗಿ ಹಾಕೋ ಅಲರ್ಜಿ ಪಟ್ಟಿಗೆ ಎಳ್ಳನ್ನೂ ಸೇರಿಸಿದ್ದಾರೆ, ಅಲ್ಲಿಗೆ ಒಂಬತ್ತಾಯ್ತು, ಯುರೋಪಿನ ಪಟ್ಟಿಯಲ್ಲಂತೂ 14 ಇದೆ, ಸಾಸಿವೆ ಕೂಡ ಅದರಲ್ಲಿ ಸೇರಿದೆ.

ಇನ್ಸುಲಿನ್ ತಗೊಳ್ಳೋರಿಗೆ ಸಿಹಿ ಇಲ್ಲದ ಐಟಂಗಿಂತ ಮುಖ್ಯವಾಗಿ ಬೇಕಾಗಿರೋದು ಟೈಮು. ಕೆಲವು ಇನ್ಸುಲಿನ್ ಊಟಕ್ಕೆ ಸ್ವಲ್ಪ ಮುಂಚೆ ಚುಚ್ಕೊಳ್ಳೋದು, ಹನ್ನೆರಡೂವರೆಗೆ ಊಟ ಅಂತ ನಂಬಿ ಚುಚ್ಕೊಂಡು ಕೂತೋರಿಗೆ ಫೋಟೋ ಮುಗೀಲಿಲ್ಲ ಅಂತ ಎರಡು ಗಂಟೆಗೆ ಬಡಿಸಿದ್ರೆ ಶುಗರ್ 70ಕ್ಕಿಂತ ಕೆಳಗೆ ಇಳಿದು ಬೆವರು, ನಡುಕ, ತಲೆಸುತ್ತು ಬರತ್ತೆ. ಅಂಥವರನ್ನ ಮೊದಲ ಸಾಲಲ್ಲೇ ಕೂರಿಸಿ, ತಡ ಆಗತ್ತೆ ಅಂದ್ರೆ ಹೋಗಿ ಹೇಳಿ. ಶುಗರ್ ಇಳಿದಾಗ ಕೊಡೋಕೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ಹಾಕಿದ ಜ್ಯೂಸ್ ಕೈಗೆ ಸಿಗೋ ಹಾಗಿರಲಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡ್ಕೋಬೇಕು.

ಡಯಾಲಿಸಿಸ್ ಹಿರಿಯರ ವಿಷಯದಲ್ಲಿ ಒಳ್ಳೇದು ಅಂತ ಮಾಡಿದ್ದೇ ಕೆಟ್ಟದ್ದಾಗಬಹುದು. ಆರೋಗ್ಯಕ್ಕೆ ಒಳ್ಳೇದು ಅಂತ ನಾವು ಕೊಡೋ ಎಳನೀರು, ಬಾಳೆಹಣ್ಣು, ಕಿತ್ತಳೆ ಜ್ಯೂಸು, ಒಣಹಣ್ಣು, ಟೊಮೇಟೊ, ಆಲೂಗಡ್ಡೆ ಎಲ್ಲದರಲ್ಲೂ ಪೊಟ್ಯಾಸಿಯಂ ಜಾಸ್ತಿ, ಅವರ ಕಿಡ್ನಿಗೆ ಅದನ್ನ ಹೊರಗೆ ಹಾಕೋಕಾಗಲ್ಲ, ರಕ್ತದಲ್ಲಿ ಏರಿದ್ರೆ ಹೃದಯದ ಬಡಿತಾನೇ ಏರುಪೇರಾಗತ್ತೆ. ಉಪ್ಪು ಕಮ್ಮಿ ಮಾಡ್ಬೇಕು ಅಂತ ಯಾರೋ ಅಂಗಡಿಯಿಂದ "ಲೋ ಸೋಡಿಯಂ" ಉಪ್ಪು ತಂದು ಹಾಕ್ತಾರೆ, ಅದರಲ್ಲಿ ಸೋಡಿಯಂ ಬದಲು ಇರೋದು ಪೊಟ್ಯಾಸಿಯಂ ಕ್ಲೋರೈಡ್, ಅವರಿಗೆ ಅದು ಮಾಮೂಲಿ ಉಪ್ಪಿಗಿಂತ ಅಪಾಯ. ನೀರು, ಪಾನಕ ಬಲವಂತ ಮಾಡಬೇಡಿ, ಅವರಿಗೆ ದಿನಕ್ಕೆ ಇಷ್ಟೇ ಅಂತ ಲೆಕ್ಕ ಇರತ್ತೆ. ಇವರ ಊಟನ ನೀವಾಗಿ ಊಹೆ ಮಾಡೋದಕ್ಕಿಂತ ಫೋನ್ ಮಾಡಿ "ಏನು ಮಾಡಿಸ್ಲಿ" ಅಂತ ಕೇಳಿಬಿಡಿ, ಅವರಿಗೆ ತಮ್ಮ ಪಟ್ಟಿ ಬಾಯಿಪಾಠ ಇರತ್ತೆ.

ವೀಗನ್ ಹುಡುಗ್ರದ್ದು ಸುಲಭ, ಹಾಲು ಬೆಣ್ಣೆ ತುಪ್ಪ ಮೊಟ್ಟೆ ಜೇನು ಇಲ್ದೆ ಇದ್ರೆ ಆಯ್ತು, ಜೆಲ್ಲಿ ಥರದ ಸಿಹಿಯಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇದೆಯಾ ಅಂತ ಮಾತ್ರ ನೋಡಿ. ಒಂದು ಎಚ್ಚರ ಏನಂದ್ರೆ ಹಾಲಿನ ಬದಲು ಗೋಡಂಬಿ ಬಾದಾಮಿ ರುಬ್ಬಿ ಹಾಕೋದು ಈಗ ಜಾಸ್ತಿ, ಬೀಜದ ಅಲರ್ಜಿ ಇರೋರಿಗೆ ಅದು ತೊಂದ್ರೆ, ನಿಮ್ಮ ತಮ್ಮನ ಮಗನಿಗೆ ಕಡಲೆಕಾಯಿ ಜೊತೆ ಇವೂ ಆಗಲ್ವಾ ಅಂತ ಕೇಳ್ಕೊಳ್ಳಿ. ವೀಗನ್ ಹುಡುಗ್ರದ್ದು ನಂಬಿಕೆಯ ವಿಷಯ, ಕಾಯಿಲೆ ಅಲ್ಲ ಅಂತ ಹಗುರ ಮಾಡಬೇಡಿ, ಈರುಳ್ಳಿ ಬೆಳ್ಳುಳ್ಳಿ ತಿನ್ನದೋರಿಗೆ, ಹಲಾಲ್ ಮಾತ್ರ ತಿನ್ನೋರಿಗೆ ನಾವು ಎಷ್ಟು ಮರ್ಯಾದೆ ಕೊಡ್ತೀವೋ ಅಷ್ಟೇ ಇವರಿಗೂ.

ಗೊತ್ತಿಲ್ಲದೋರನ್ನ ಕಂಡುಹಿಡಿಯೋಕೆ ಆಮಂತ್ರಣದ ಜೊತೆ ಕಳಿಸೋ ಮೆಸೇಜಲ್ಲಿ ಒಂದು ಸಾಲು ಸೇರಿಸಿ, "ನಿಮಗೆ ಅಲರ್ಜಿ, ಪಥ್ಯ, ವ್ರತ ಏನಾದ್ರೂ ಇದ್ರೆ ಮುಂಚೆನೇ ತಿಳಿಸಿ, ನಾವು ವ್ಯವಸ್ಥೆ ಮಾಡ್ತೀವಿ" ಅಂತ. ಹೀಗೆ ನೀವಾಗೇ ಕೇಳಿದ್ರೆ ಸಂಕೋಚ ಇರೋರೂ ಹೇಳ್ತಾರೆ. ಉತ್ತರ ಬಂದಾಗ "ಒಂಚೂರು ತಿಂದ್ರೆ ಏನಾಗತ್ತೆ" ಅನ್ನೋ ಮಾತು ಮಾತ್ರ ಮನೆಯಲ್ಲಿ ಯಾರ ಬಾಯಿಂದ್ಲೂ ಬರಬಾರದು.

ಇನ್ನು ನಿಮ್ಮ ಕೊನೇ ಪ್ರಶ್ನೆ. "ಮನೆಯಿಂದ ತಂದ್ಬಿಡಮ್ಮ" ಅಂತ ನೀವಾಗಿ ಹೇಳಬೇಡಿ, ಅತ್ತೆ ಮನೆ ಮದುವೆಗೆ ಊಟ ಕಟ್ಕೊಂಡು ಬಾ ಅಂದ ಹಾಗೆ ಆಗತ್ತೆ, ಅವರಮ್ಮಂಗೆ ಬೇಜಾರಾಗೇ ಆಗತ್ತೆ. ಬದಲಿಗೆ "ಕಡಲೆಕಾಯಿ ಪೂರ್ತಿ ತೆಗೆಸಿದ್ದೀನಿ, ಇದು ಮೆನು, ಇದು ಅಡುಗೆಯವರ ನಂಬರು, ನೀನೇ ಒಂದ್ಸಲ ಮಾತಾಡು" ಅಂತ ಹೇಳಿ. ಇಷ್ಟಾದ ಮೇಲೂ "ಅತ್ತಿಗೆ, ನಂಗೆ ಧೈರ್ಯ ಇಲ್ಲ, ನಾನೇ ತರ್ತೀನಿ" ಅಂದ್ರೆ ಅದನ್ನ ತಪ್ಪು ತಿಳೀಬೇಡಿ, ಇಂಥ ಮಗು ಸಾಕೋ ತಾಯಿಗೆ ಆ ಹಕ್ಕಿದೆ. ಡಬ್ಬಿ ಇಡೋಕೆ ಫ್ರಿಡ್ಜಲ್ಲಿ ಜಾಗ, ಬಿಸಿ ಮಾಡೋಕೆ ಬೇರೆ ಪಾತ್ರೆ ಕೊಡಿಸಿ, ಹುಡುಗನ್ನ ಅವನ ಅಣ್ಣತಮ್ಮಂದಿರ ಜೊತೆಗೇ ಕೂರಿಸಿ.

ಮೆನು ಫೈನಲ್ ಆದ ಮೇಲೆ ಬೇಕಿದ್ರೆ ನಮಗೊಂದು ಕಾಪಿ ಕಳಿಸಿ, ಯಾವ ಐಟಂನಲ್ಲಿ ಏನು ಕೇಳ್ಬೇಕು ಅಂತ ಗುರುತು ಹಾಕಿ ವಾಪಸ್ ಕಳಿಸ್ತೀವಿ. ಮಗಳಿಗೆ ನಮ್ಮ ಬಳಗದ ಶುಭಾಶಯ ತಿಳಿಸಿ.

– ಸಂ.